ಕಂಪ್ಯೂಟರಿನ ಸುತ್ತ ಎಳೆದ ಬಿಳಿ ಗೆರೆ

ಅತ್ತಿಗೆ, ಆ ಸಲ ನಮ್ಮ ಮನೆಯ ರೇಷ್ಮೆ ಹುಳು ಸತ್ತದ್ದು ನಿನ್ನ ಕಾಲ್ಗುಣದಿಂದಲ್ಲ. ನಿನ್ನ ಕೈಯಿಂದಲೂ ಅಲ್ಲ. ನನ್ನ ಕೈಯಿಂದ. ಇದು ನನಗೆ ಎಷ್ಟೋ ಕಾಲದ ಮೇಲೆ ಹೊಳೆದದ್ದಲ್ಲ, ಯಾರೋ ತಿಳಿದವರು ಹೇಳಿದ ಮೇಲೆ ಅರ್ಥವಾದದ್ದೂ ಅಲ್ಲ — ಬೆಳಿಗ್ಗೆ ತಟ್ಟೆಯಲ್ಲಿ ಹುಳು ತಲೆಯೆತ್ತಿ ತೂಗಾಡುತ್ತಾ ಹಸಿರು ನೀರು ಕಾರುವುದನ್ನು ನೋಡಿದ ಗಳಿಗೆಯಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇವತ್ತಿನವರೆಗೂ ಬಿಟ್ಟಿಲ್ಲ.

ಹೇಗೆ ಶುರು ಮಾಡಲಿ... ಮೊದಲಿನಿಂದಲೇ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ಆ ದಿನಗಳನ್ನು ನೆನೆದರೆ ನನಗೆ ಈಗಲೂ ಖುಷಿಯೇ ಮೊದಲು ಬರುತ್ತದೆ, ತಪ್ಪು ಆಮೇಲೆ ಬರುತ್ತದೆ. ಅದೂ ಒಂದು ತಪ್ಪೇ ಇರಬೇಕು.

ಆ ವರ್ಷ ಹೊಂಗನೂರಿನ ನಮ್ಮ ಮನೆಗೆ ಹೊಸದಾಗಿ ಬಂದದ್ದು ಎರಡು. ಒಂದು ನೀನು, ಮಾಗಡಿ ಕಡೆಯ ಕಲ್ಯದಿಂದ ಅಣ್ಣನ ಕೈ ಹಿಡಿದು. ಇನ್ನೊಂದು ಕಂಪ್ಯೂಟರು, ಬೆಂಗಳೂರಿನ ಎಸ್.ಪಿ. ರೋಡಿನಿಂದ ತುಂಡು ತುಂಡಾಗಿ. ಹೈವೇ ಪಕ್ಕದಲ್ಲಿ ಆಗ ಒಂದರ ಹಿಂದೊಂದು ಫ್ಯಾಕ್ಟರಿಗಳು ಏಳುತ್ತಿದ್ದವು. ಅಣ್ಣ ರಾಮನಗರದ ಹತ್ತಿರ ಅಂಥದ್ದೊಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಸೇರಿದ್ದ. ಶಿಫ್ಟ್ ಮುಗಿದ ಮೇಲೆ ಗೆಳೆಯರ ಜೊತೆ ವಿಡಿಯೊ ಗೇಮ್ ಅಂಗಡಿಗೆ ಹೋಗಿ ಕಾರ್ ರೇಸ್ ಆಡುವ ಚಟ ಹತ್ತಿತ್ತು. ಮದುವೆಯಾದ ಮೇಲೆ ಆ ಅಂಗಡಿಗೆ ಹೋಗುವುದು ಚೆನ್ನಾಗಿರುವುದಿಲ್ಲ ಎಂದು ಅವನಿಗೇ ಅನ್ನಿಸಿತು. ಚಟ ಬಿಡುವ ಬದಲು ಅಂಗಡಿಯನ್ನೇ ಮನೆಗೆ ತರಲು ಹೊರಟ. ನಾನು ಆಗ ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದೆನಾದ್ದರಿಂದ ಅಪ್ಪ ಅವ್ವನ ಮುಂದೆ ಹೇಳಲು ಒಂದು ನೆಪವೂ ಸಿಕ್ಕಿತು. ಸವಿತಳ ಓದಿಗೆ ಬೇಕು ಎಂದ. ಒಳಗೆ ಹಾಕಲು ಹೊರಟಿದ್ದ ಗ್ರಾಫಿಕ್ಸ್ ಕಾರ್ಡು ಯಾವ ಓದಿಗೂ ಬೇಕಾಗಿರಲಿಲ್ಲ.

ಅಂಗಡಿಯಲ್ಲಿ ಜೋಡಿಸಿಯೇ ಕೊಡುತ್ತಾರಲ್ಲ ಎಂದು ನಾನು ಕೇಳಿದ್ದಕ್ಕೆ ಅವನಿಗೆ ಸಿಟ್ಟು ಬಂದಿತ್ತು. "ದುಡ್ಡು ಕೊಟ್ರೆ ಯಾರ್ ಬೇಕಾದ್ರೂ ಜೋಡಿಸ್ಕೊಡ್ತಾರೆ ಕಣಮ್ಮಿ. ನಾವೇ ಜೋಡಿಸ್ಬೇಕು. ಕೆಟ್ರೂ ನಮ್ ಕೈಯಾಗೇ ಕೆಡ್ಲಿ," ಎಂದಿದ್ದ. ರಜೆ ಸಿಕ್ಕಾಗೆಲ್ಲ ಬೆಂಗಳೂರಿಗೆ ಹೋಗಿ ಒಂದೊಂದೇ ಸಾಮಾನು ತಂದ. ಕ್ಯಾಬಿನೆಟ್ಟು ಮೊದಲು ಬಂತು. ಅದರೊಳಗೆ ಏನೂ ಇಲ್ಲದ್ದು ನೋಡಿ ಅವ್ವ, ಖಾಲಿ ಡಬ್ಬಕ್ಕೆ ಬಸ್ ಚಾರ್ಜ್ ಬೇರೆ ಕೊಟ್ಟು ಬಂದಿದ್ದಾನೆ ಎಂದು ಬೀದಿಗೆಲ್ಲ ಹೇಳಿದಳು. ಮದರ್‌ಬೋರ್ಡನ್ನು ರೈಲಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದ. ನಿನ್ನನ್ನು ಮದುವೆ ಮಾಡಿಕೊಂಡು ಬರುವಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ ಎಂದು ನಾನು ಛೇಡಿಸಿದೆ. ನೀನು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ. ನಮ್ಮ ಮನೆಯಲ್ಲಿ ನೀನು ಮೊದಲು ನಕ್ಕದ್ದು ಅವತ್ತೇ ಎಂದು ನನ್ನ ನೆನಪು.

ಜೋಡಿಸಿದ ಭಾನುವಾರ ನೆನಪಿದೆಯಾ? ನಡುಮನೆಯಲ್ಲಿ ಚಾಪೆ ಹಾಸಿ ಅದರ ಮೇಲೆ ಬಿಳಿ ಪಂಚೆ ಹರಡಿ, ಎಲೆಗೆ ಬಡಿಸಿದಂತೆ ಎಲ್ಲ ಇಟ್ಟಿದ್ದ. ಮೈಯಲ್ಲಿ ಕರೆಂಟ್ ಇರುತ್ತದೆ, ಬೋರ್ಡ್ ಸುಟ್ಟುಹೋಗುತ್ತದೆ ಎಂದು, ಮುಟ್ಟುವ ಮೊದಲು ಪ್ರತಿ ಸಲವೂ ಕಿಟಕಿಯ ಕಂಬಿ ಮುಟ್ಟಬೇಕಿತ್ತು. ನಾವು ಮೂವರೂ ಎದ್ದು ಹೋಗಿ ಕಂಬಿ ಮುಟ್ಟಿ ಬಂದು ಕೂರುತ್ತಿದ್ದದ್ದನ್ನು ನೋಡಿ ಅಪ್ಪ, ಇದೇನು ಮಡಿಯೋ ಎಂದು ಕೇಳಿದ. ಪ್ರೊಸೆಸರ್ ಮೇಲೆ ಹಚ್ಚುವ ಬಿಳಿ ಪೇಸ್ಟನ್ನು ಅಣ್ಣ ಉಗುರಿನ ತುದಿಯಲ್ಲಿ ಹಚ್ಚಿದ. ಒಂದು ಸ್ಕ್ರೂ ಜಾರಿ ಎಲ್ಲೋ ಉರುಳಿತು. ಅಣ್ಣ ಮಂಡಿಯೂರಿ ಹುಡುಕಿದ, ನಾನು ಟಾರ್ಚ್ ಹಿಡಿದು ಹುಡುಕಿದೆ. ನೀನು ಮಾತಾಡದೆ ಇಡೀ ನಡುಮನೆ ಗುಡಿಸಿ, ಕಸವನ್ನು ಮೊರಕ್ಕೆ ಹಾಕಿ ಕೇರಿದೆ. ಸ್ಕ್ರೂ ಮೊರದ ತುದಿಯಲ್ಲಿ ಉಳಿಯಿತು.

ಆನ್ ಮಾಡುವ ಗುಂಡಿಯ ಸಣ್ಣ ಸಣ್ಣ ವೈರುಗಳನ್ನು ನಾನು ತಪ್ಪು ಜಾಗಕ್ಕೆ ಸಿಕ್ಕಿಸಿದ್ದೆ. ಒತ್ತಿದರೆ ಏನೂ ಆಗಲಿಲ್ಲ. ಅಣ್ಣನ ಮುಖ ನೋಡಲಾಗಲಿಲ್ಲ. ಬೋರ್ಡಿನ ಜೊತೆ ಬಂದ ಪುಸ್ತಕ ನೋಡಿ ಮತ್ತೆ ಬದಲಿಸಿ ಒತ್ತಿದಾಗ ಒಳಗೆ ಫ್ಯಾನು ತಿರುಗಿತು — ಪರದೆಯ ಮೇಲೆ ಬಿಳಿ ಅಕ್ಷರ ಬಂದವು — ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವ್ವ ಎಲ್ಲಿಂದಲೋ ಕುಂಕುಮ ತಂದು ಕ್ಯಾಬಿನೆಟ್ಟಿಗೆ ಇಟ್ಟಳು. ಬೈದವಳೂ ಅವಳೇ, ಕುಂಕುಮ ಇಟ್ಟವಳೂ ಅವಳೇ.

ಅದನ್ನು ಇಟ್ಟದ್ದು ಹುಳದ ಮನೆಗೆ ಅಂಟಿಕೊಂಡ ಪಕ್ಕದ ಕೋಣೆಯಲ್ಲಿ. ಹಿಂದೆ ಅಲ್ಲಿ ಚಂದ್ರಿಕೆಗಳನ್ನು ಒರಗಿಸಿಡುತ್ತಿದ್ದರು, ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಹೆಣಿಗೆ. ಹೊಸ ವೈರಿಂಗ್ ಇದ್ದದ್ದು ಅಲ್ಲೇ, ಮನೆಯಲ್ಲೆಲ್ಲ ತಂಪು ಜಾಗವೂ ಅದೇ. ಆಟ ಆಡಿದರೆ ಕಂಪ್ಯೂಟರ್ ಒಲೆಯ ಹಾಗೆ ಕಾಯುತ್ತಿತ್ತು. ಕ್ಯಾಬಿನೆಟ್ಟಿನ ಒಂದು ಪಕ್ಕದ ತಗಡು ಬಿಚ್ಚಿಟ್ಟು ಟೇಬಲ್ ಫ್ಯಾನ್ ಹಾಕುತ್ತಿದ್ದೆವು. ಸ್ಪೀಕರ್ ಆರಿಸಿದರೆ ಗೋಡೆಯ ಆಚೆಯಿಂದ ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು.

ನೀನು ಆಟ ಕಲಿತದ್ದು... ಅಣ್ಣ ಶಿಫ್ಟಿಗೆ ಹೋದ ಮೇಲೆ, ಅಪ್ಪ ಅವ್ವ ತೋಟಕ್ಕೆ ಹೋದ ಮೇಲೆ, ನಾವಿಬ್ಬರೇ. ಮೊದಲ ದಿನ ಕಾರು ಓಡಿಸುತ್ತಾ, "ಇದಕ್ಕೆ ಹಾರನ್ ಎಲ್ಲೈತೆ ಸವಿ?" ಎಂದು ಕೇಳಿದೆ. ಕುರಿ ಮಂದೆ ರಸ್ತೆ ದಾಟಿಸಿ ಬೆಳೆದವಳು ನೀನು, ಎದುರಿಗೆ ಬಂದವರನ್ನೆಲ್ಲ ಪಕ್ಕಕ್ಕೆ ಸರಿಸಿ ಹೋಗುವುದೇ ನಿನಗೆ ಗೊತ್ತಿದ್ದ ರೀತಿ. ತಿಂಗಳು ಕಳೆಯುವಷ್ಟರಲ್ಲಿ ನನ್ನನ್ನು ಸೋಲಿಸತೊಡಗಿದೆ. ಅಣ್ಣನನ್ನೂ ನೀನು ಸೋಲಿಸಬಹುದಿತ್ತು, ಆದರೆ ಅವನು ಇದ್ದಾಗ ಬೇಕೆಂದೇ ಗೋಡೆಗೆ ಗುದ್ದುತ್ತಿದ್ದೆ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಅದು ನಮ್ಮಿಬ್ಬರ ಒಳ್ಳೆಯ ಗುಟ್ಟು.

ಕಲ್ಯದಿಂದ ನಿಮ್ಮಮ್ಮ ಕಳಿಸಿದ ಕಜ್ಜಾಯ ತಿನ್ನುತ್ತಾ ಆಡುತ್ತಿದ್ದೆವು. ಪುಡಿ ಕೀಬೋರ್ಡಿನ ಮೇಲೆ, ಮೇಜಿನ ಮೇಲೆ, ನೆಲದ ಮೇಲೆ. ಇರುವೆ ಬಂದವು. ಬಂದವು ಅಲ್ಲೇ ನಿಲ್ಲಲಿಲ್ಲ, ತೆರೆದಿಟ್ಟ ಕ್ಯಾಬಿನೆಟ್ಟಿನೊಳಗೆ ಹೋಗಿ ವೈರುಗಳ ನಡುವೆ ಬೆಚ್ಚಗೆ ಸಂಸಾರ ಹೂಡಿದವು. ಒಂದು ದಿನ ಆಡುತ್ತಾ ಆಡುತ್ತಾ ಕಂಪ್ಯೂಟರ್ ತಾನೇ ಆರಿಹೋಯಿತು. ಅಣ್ಣ ಎಷ್ಟೋ ವಾರ ಓವರ್‌ಟೈಮ್ ಮಾಡಿ ತಂದ ಗ್ರಾಫಿಕ್ಸ್ ಕಾರ್ಡು ನನ್ನಿಂದ ಹಾಳಾಯಿತೇನೋ ಎಂದು ಹೆದರಿದೆ. ಮತ್ತೆ ಹಾಕಿದಾಗ ಬಂತು ಅನ್ನು.

ಇರುವೆಗೆ ನಮ್ಮ ಮನೆಯಲ್ಲಿ ಗೊತ್ತಿದ್ದ ಉಪಾಯ ಒಂದೇ. ಹುಳದ ತಟ್ಟೆಗಳ ಸ್ಟ್ಯಾಂಡಿನ ಕಾಲನ್ನು ನೀರಿನ ಬಟ್ಟಲಲ್ಲಿ ಇಡುವುದು. ನೀರು ದಾಟಿ ಇರುವೆ ಹತ್ತುವುದಿಲ್ಲ. ಆದರೆ ಕಂಪ್ಯೂಟರ್ ಮೇಜಿನ ಕೆಳಗೆ ಸ್ವಿಚ್ ಬೋರ್ಡಿತ್ತು, ಅಲ್ಲಿ ನೀರಿಡಬೇಡ ಎಂದು ಅಣ್ಣ ಹೇಳಿದ್ದ. ನಾನು ಕಾಲೇಜಿನಿಂದ ಬರುವಾಗ ಚನ್ನಪಟ್ಟಣದ ಅಂಗಡಿಯಲ್ಲಿ ಇರುವೆ ಸೀಮೆಸುಣ್ಣ ತಂದೆ. ಗೆರೆ ಎಳೆದರೆ ಇರುವೆ ಸಾಯುತ್ತದಲ್ಲ, ಅದು.

ಹುಳು ಸಾಕುವ ಮನೆಗೆ ಸೊಳ್ಳೆ ಬತ್ತಿ, ಜಿರಲೆ ಔಷಧಿ, ಇರುವೆ ಸೀಮೆಸುಣ್ಣ ತರಬಾರದು. ಇದು ನಮಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ. ಬೀಡಿ ಸೇದಿ ಬಂದವರನ್ನು ಅವ್ವ ಹುಳದ ಮನೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ನೀನು ರಾಗಿ, ಕುರಿ ಸಾಕಿದ ಮನೆಯವಳು, ನಿನಗೆ ಗೊತ್ತಿಲ್ಲದಿದ್ದರೆ ಸರಿ. ನನಗೆ ಗೊತ್ತಿತ್ತು. ಗೊತ್ತಿದ್ದೂ ಬ್ಯಾಗಿನ ತಳದಲ್ಲಿಟ್ಟು ತಂದೆ — ಹುಳ ಇರುವುದು ಗೋಡೆಯಾಚೆ, ಗೆರೆ ಎಳೆಯುವುದು ಈಚೆ, ಏನಾಗುತ್ತದೆ ಎಂದುಕೊಂಡು.

ಆ ಸಂಜೆ ಹುಳು ಕೊನೆಯ ಜ್ವರ ಎದ್ದು ಮೇಯುತ್ತಿದ್ದ ಕಾಲ. ಜ್ವರ ಅಂದರೆ ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದು. ಕೊನೆಯದರಿಂದ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು. ಸಂಜೆಯ ಮೇವು ನಿನ್ನ ಪಾಲಿನದು. ನೀನು ಕೊನೆಯ ಸುತ್ತಿನಲ್ಲಿದ್ದೆ, ಮುಂದೆ ಒಂದೇ ಕಾರು ಉಳಿದಿತ್ತು. ನಾನು ಮೇಜಿನ ಕೆಳಗೆ ತೂರಿ ಕಾಲಿನ ಸುತ್ತ ಬಿಳಿ ಗೆರೆ ಎಳೆಯುತ್ತಿದ್ದೆ. ಕಾಲು ಎತ್ತು ಅತ್ತಿಗೆ ಎಂದೆ. ನೀನು ಪರದೆಯಿಂದ ಕಣ್ಣು ಕೀಳದೆ ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡೆ. ನಾನು ಏನು ಮಾಡುತ್ತಿದ್ದೇನೆ ಎಂದು ಬಗ್ಗಿ ನೋಡಲಿಲ್ಲ. ಆಮೇಲೆ ಯಾವ ಕಾಲಿನ ಗುಣದ ಬಗ್ಗೆ ಊರೆಲ್ಲ ಮಾತಾಡಿತೋ, ಆ ಕಾಲು ಆಗ ನೆಲದ ಮೇಲೇ ಇರಲಿಲ್ಲ ಅತ್ತಿಗೆ.

ಗೆರೆ ಎಳೆದು ಮುಗಿಸಿ, ಉಳಿದ ತುಂಡನ್ನು ಬೆರಳಲ್ಲಿ ಪುಡಿ ಮಾಡಿ ಕ್ಯಾಬಿನೆಟ್ಟಿನ ಮೂಲೆಗೂ ಉದುರಿಸಿದೆ. ಅಷ್ಟರಲ್ಲಿ ಮೇವಿನ ಹೊತ್ತು ಮೀರುತ್ತಿತ್ತು. ಕರೆಂಟ್ ಹೋಗುವ ಹೊತ್ತೂ ಆಗಿತ್ತು, ಅದಕ್ಕೆ ಮುಂಚೆ ನನಗೂ ಒಂದು ಆಟ ಆಡಬೇಕಿತ್ತು. ನೀನು ಆಡು, ಇವತ್ತು ಸೊಪ್ಪು ನಾನು ಹಾಕುತ್ತೇನೆ ಎಂದು ಎದ್ದೆ. ಹುಳದ ಮನೆಯ ಹೊಸ್ತಿಲ ಬಳಿ ಕೈಕಾಲು ತೊಳೆಯಲು ಬ್ಲೀಚಿಂಗ್ ಪುಡಿಯ ನೀರು ಇಟ್ಟಿರುತ್ತಿದ್ದರು. ಕೈ ಅದ್ದದೆ ಅದರ ಪಕ್ಕದಲ್ಲೇ ದಾಟಿ ಹೋದೆ. ಒದ್ದೆ ಗೋಣಿ ತೆಗೆದು ಎರಡೂ ಕೈಯಿಂದ ಸೊಪ್ಪು ಬಾಚಿ, ಕೊಡವಿ, ತಟ್ಟೆ ತಟ್ಟೆಗೂ ಹರಡಿದೆ. ಒದ್ದೆ ಕೈಯಲ್ಲಿ ಬಿಳಿ ಪುಡಿ — ಕಣ್ಣಿಗೆ ಕಂಡಿತ್ತು ಅನ್ನಿಸುತ್ತದೆ. ಕಂಡಿರಲಿಲ್ಲ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಬೆಳಿಗ್ಗೆ ಅವ್ವನ ಕೂಗಿಗೆ ಎದ್ದೆವು. ಹುಳುಗಳು ಸುರುಟಿ, ಕುಗ್ಗಿ, ತಟ್ಟೆಯಲ್ಲೆಲ್ಲ ಹಸಿರು ಕಾರಿಕೊಂಡು ಬಿದ್ದಿದ್ದವು. ಅಪ್ಪ ತೋಟಕ್ಕೆ ಓಡಿದ. ಪಕ್ಕದ ಹೊಲದವರು ಔಷಧಿ ಹೊಡೆದಿದ್ದಾರೋ ಏನೋ ಎಂದು ಸೊಪ್ಪು ಕಿತ್ತು ಮೂಸಿ ನೋಡಿದ. ಯಾರೂ ಹೊಡೆದಿರಲಿಲ್ಲ. ಅದೇ ಸೊಪ್ಪು ಹಿಂದಿನ ದಿನ ಮಧ್ಯಾಹ್ನ ಅವ್ವ ಹಾಕಿದಾಗ ಹುಳು ಚೆನ್ನಾಗಿ ಮೇದಿದ್ದವು. ಅಪ್ಪ ವಾಪಸ್ ಬಂದು ಜಗುಲಿಯಲ್ಲಿ ಕೂತ. ಆಗ ಅವ್ವ ನಮ್ಮಿಬ್ಬರ ಕಡೆ ತಿರುಗಿ, ನಿನ್ನೆ ಸಂಜೆ ಮೇವು ಹಾಕಿದ್ದು ಯಾರು ಎಂದು ಕೇಳಿದಳು.

ನೀನು ನನ್ನ ಕಡೆ ನೋಡಿದೆ. ಒಂದೇ ಸಲ. ನಾನು ನೆಲ ನೋಡಿದೆ.

"ನಾನೇ ಅತ್ತೆ," ಎಂದೆ ನೀನು.

ಯಾಕೆ ಹಾಗೆ ಹೇಳಿದೆ? ಮೇವಿನ ಹೊತ್ತಲ್ಲಿ ಆಟ ಆಡುತ್ತಿದ್ದೆ ಎನ್ನುವುದು ಹೊಸ ಸೊಸೆಗೆ ಅದಕ್ಕಿಂತ ದೊಡ್ಡ ತಪ್ಪಾಗಿ ಕಂಡಿತೋ... ನನ್ನನ್ನು ಕಾಪಾಡಬೇಕೆಂದಿತ್ತೋ... ನಾನು ಯಾವತ್ತೂ ಕೇಳಲಿಲ್ಲ. ಕೇಳಿದರೆ ಮಿಕ್ಕದ್ದೂ ಹೇಳಬೇಕಾಗುತ್ತಿತ್ತು. ನಾನು ಮೇವು ಹಾಕಿದ್ದು ನಿನಗೆ ಗೊತ್ತು, ಸೀಮೆಸುಣ್ಣದ್ದು ಗೊತ್ತಿಲ್ಲ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಇವಳ ಕೈ ಹುಳಕ್ಕೆ ಆಗಾಕಿಲ್ಲ. ಕಾಲಿಟ್ಟ ಮೊದಲ್ನೇ ಬೆಳೆನೇ ಹಿಂಗಾಯ್ತು. ಇನ್ಮೇಲೆ ಹುಳದ್ ಮನೆ ಹೊಸ್ಲು ತುಳೀಬ್ಯಾಡ ಕಣವ್ವ."

ಅವ್ವ ಕೂಗಾಡಿದ್ದರೆ ಚೆನ್ನಾಗಿತ್ತು. ಮೆತ್ತಗೆ ಹೇಳಿದಳು, ಅದಕ್ಕೇ ಅದು ಉಳಿದುಬಿಟ್ಟಿತು. ಸತ್ತ ಹುಳುವನ್ನೆಲ್ಲ ಅಪ್ಪ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುವಾಗ, ಉಳಿದಿದ್ದ ಸೀಮೆಸುಣ್ಣದ ಡಬ್ಬಿಯನ್ನು ನಾನು ಅದೇ ಗುಂಡಿಗೆ ಎಸೆದೆ. ಒದ್ದೆ ಬಟ್ಟೆ ತಂದು ಮೇಜಿನ ಕೆಳಗಿನ ಗೆರೆ ಒರೆಸಿದೆ. ಮತ್ತೆ ಮತ್ತೆ ಒರೆಸಿದೆ.

ಆಷಾಢಕ್ಕೆ ನೀನು ತವರಿಗೆ ಹೋದೆ, ಹೊಸ ಮದುಮಗಳು ಹೋಗಲೇಬೇಕಲ್ಲ. ಶ್ರಾವಣ ಬಂದರೂ ನಿನ್ನನ್ನು ಕರೆತರಲು ಯಾರೂ ಹೊರಡಲಿಲ್ಲ. ಹೊಸದಾಗಿ ಹುಳು ತಂದಿದ್ದರು. ಈ ಬೆಳೆ ಗೂಡಾಗಲಿ, ಆಮೇಲೆ ನೋಡೋಣ ಎಂದು ಅವ್ವ ಮುಂದೆ ಹಾಕುತ್ತಿದ್ದಳು. ನೀನಿಲ್ಲದಾಗ ಆ ಬೆಳೆ ಚೆನ್ನಾಗಿ ಬಂತು, ರಾಮನಗರದ ಗೂಡಿನ ಮಾರ್ಕೆಟ್ಟಿನಿಂದ ಅಪ್ಪ ನಗುತ್ತಾ ಬಂದ. ಮನೆಯವರಿಗೆಲ್ಲ ಅನುಮಾನವಿದ್ದದ್ದು ಖಾತ್ರಿಯಾಯಿತು. ಆ ದಿನಗಳಲ್ಲಿ ಅಣ್ಣ ಒಂದು ಸಲ ಕಂಪ್ಯೂಟರ್ ಕೋಣೆಗೆ ಬಂದು ನಿನ್ನ ಖಾಲಿ ಕುರ್ಚಿಯಲ್ಲಿ ಕೂತು ಕೇಳಿದ.

"ಅಮ್ಮೀ, ಅವತ್ತು ಏನಾಯ್ತು ಅಂತ ನಿಂಗೇನಾರ ಗೊತ್ತಾ?"

"ಇಲ್ಲ," ಎಂದೆ. ಪರದೆಯಿಂದ ಕಣ್ಣು ಕೀಳದೆ ಎಂದೆ.

ಭಯವಾಗಿತ್ತು ನಿಜ. ಆದರೆ ಅವ್ವನ ಬೈಗುಳದ ಭಯವಲ್ಲ. ನಿಜ ಹೇಳಿದರೆ ಆ ಡಬ್ಬ ಮನೆಯಲ್ಲಿ ಇರುವುದಿಲ್ಲ ಎಂಬ ಭಯ. ಆ ವರ್ಷ ಬಂದ ಎರಡರಲ್ಲಿ ಒಂದನ್ನು ದೂರಬೇಕಿತ್ತು, ನಾನು ಕಂಪ್ಯೂಟರನ್ನು ಉಳಿಸಿಕೊಂಡೆ. ಇದನ್ನು ಬೇರೆ ಹೇಗೆ ತಿರುಗಿಸಿ ಹೇಳಿದರೂ ಅರ್ಥ ಇದೇ.

ಗೌರಿ ಹಬ್ಬದ ಹೊತ್ತಿಗೆ ಅಣ್ಣ ಯಾರನ್ನೂ ಕೇಳದೆ ಬಸ್ಸು ಹತ್ತಿ ಕಲ್ಯಕ್ಕೆ ಹೋಗಿ ನಿನ್ನನ್ನು ಕರೆದುಕೊಂಡು ಬಂದ. ನೀನು ಬಂದೆ, ಆದರೆ ಆ ಕುರ್ಚಿಯಲ್ಲಿ ಮತ್ತೆ ಕೂರಲಿಲ್ಲ. ಬಾ ಅತ್ತಿಗೆ, ಒಂದೇ ಒಂದು ಆಟ ಎಂದು ನಾನು ನಾಚಿಕೆಯಿಲ್ಲದೆ ಕರೆದೆ. ಕೆಲಸ ಐತೆ ಕಣೆ ಎಂದು ನೀನು ಹೋದೆ. ಆ ಹಾರನ್ ಕೇಳಿದ ಹುಡುಗಿ ಆಮೇಲೆ ನಮ್ಮ ಮನೆಯಲ್ಲಿ ನನಗೆ ಸಿಗಲಿಲ್ಲ.

ಆ ಕಂಪ್ಯೂಟರಿನಿಂದ ನನಗೆ ಒಳ್ಳೆಯದೇ ಆಯಿತು. ಅದನ್ನು ಬಿಚ್ಚಿ ಜೋಡಿಸಿ ಬಿಚ್ಚಿ ಜೋಡಿಸಿ ಕೈ ಪಳಗಿತು. ಮದುವೆಯಾಗಿ ಕನಕಪುರಕ್ಕೆ ಬಂದ ಮೇಲೆ ಟೈಪಿಂಗು, ಜೆರಾಕ್ಸು, ರಿಪೇರಿ ಎಂದು ಅಂಗಡಿ ಇಟ್ಟೆ. ಈಗಲೂ ಊಟ ಅದರಿಂದಲೇ. ಹಳೆಯ ಕ್ಯಾಬಿನೆಟ್ಟು ಹೊಂಗನೂರಿನ ಹಿತ್ತಲಲ್ಲಿದೆ. ಅದರಲ್ಲಿ ಕೋಳಿ ಕಾವಿಗೆ ಕೂರುತ್ತದೆ. ಅವ್ವ ಬಿಸಾಡಲು ಬಿಟ್ಟಿಲ್ಲ, ಕುಂಕುಮ ಇಟ್ಟದ್ದು ಎನ್ನುತ್ತಾಳೆ.

ಹೋದ ಹಬ್ಬಕ್ಕೆ ಮಗಳನ್ನು ಕರೆದುಕೊಂಡು ಬಂದಿದ್ದೆನಲ್ಲ. ಹುಳು ಮೇಯುವ ಕಾಲ. ನೀನು ಹೊಸ್ತಿಲ ಈಚೆ ಕೂತು ಸೊಪ್ಪು ಸರಿಮಾಡಿ ಬುಟ್ಟಿ ತುಂಬಿ ಒಳಗೆ ಚಾಚುತ್ತಿದ್ದೆ, ಅವ್ವ ಒಳಗಿನಿಂದ ತೆಗೆದುಕೊಳ್ಳುತ್ತಿದ್ದಳು. ಇಷ್ಟು ವರ್ಷವೂ ಹಾಗೇ. ಅವ್ವ ಮರೆತರೂ ನೀನು ಮರೆತಿಲ್ಲ. ಮಗಳು ನಿನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅತ್ತೆ ನೀವ್ಯಾಕೆ ಒಳಗೆ ಹೋಗಲ್ಲ ಎಂದು ಕೇಳಿದಳು. ನೀನು ನಕ್ಕೆ. ಅದು ನೋವಿನ ನಗುವಾಗಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ, ಅದು ಮಾಮೂಲಿ ನಗು.

"ನನ್ ಕೈ ಹುಳಕ್ಕೆ ಆಗಾಕಿಲ್ಲ ಕಣವ್ವ," ಎಂದೆ ನೀನು.

ನೀನು ಅದನ್ನು ನಂಬಿಬಿಟ್ಟಿದ್ದೀಯ. ಮೇವು ಹಾಕಿದವಳು ನಾನು ಎಂದು ಗೊತ್ತಿದ್ದ ನೀನೇ ನಂಬಿದ್ದೀಯ — ನಿನ್ನ ಪಾಲಿನ ಕೆಲಸ ಬಿಟ್ಟು ಆಡುತ್ತಾ ಕೂತದ್ದಕ್ಕೇ ಹಾಗಾಯಿತೆಂದೋ, ನಿನ್ನ ನೆರಳೇ ಸಾಕಾಯಿತೆಂದೋ... ನನಗೆ ಗೊತ್ತಿಲ್ಲ. ಅವ್ವ ಅಂದ ಮಾತು ಇರಲಿ, ಅದನ್ನು ನಿನ್ನ ಬಾಯಲ್ಲೇ ನನ್ನ ಮಗಳಿಗೆ ಹೇಳಿಸಿದವಳು ನಾನು. ಅಷ್ಟು ಕೇಳಿಯೂ ಅವತ್ತು ಎದ್ದು ನಿಂತು ಹೇಳಲಾಗಲಿಲ್ಲ. ಬಾಗಿನ ಮಡಿಲಿಗೆ ಹಾಕಿಸಿಕೊಂಡು ಬಸ್ಸು ಹತ್ತಿದೆ.

ಈ ಭಾನುವಾರ ಬರುತ್ತಿದ್ದೇನೆ. ಮೊದಲು ನಿನ್ನ ಎದುರು ಕೂತು ಇದನ್ನೇ ಹೇಳುತ್ತೇನೆ, ಆಮೇಲೆ ಅವ್ವ, ಅಪ್ಪ, ಅಣ್ಣ ಮೂವರನ್ನೂ ಜಗುಲಿಯಲ್ಲಿ ಕೂರಿಸಿ ಹೇಳುತ್ತೇನೆ. ಮಗಳನ್ನೂ ಕರೆತರುತ್ತೇನೆ, ಅವಳೂ ಕೇಳಲಿ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೆ ಅದೂ ಸರಿಯೇ. ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನೂ ನಿನ್ನ ಮೇಲೆ ಹೊರಿಸಿದಂತಾಗುತ್ತದೆ.

ಹುಳು ಈಗ ಮೇಯುತ್ತಿರಬೇಕು. ಸಂಜೆಯ ಮೇವಿನ ಹೊತ್ತಿಗೆ ನಾನು ಕೈ ತೊಳೆದುಕೊಂಡು ಹೊಸ್ತಿಲ ಈಚೆ ಕೂರುತ್ತೇನೆ. ಸೊಪ್ಪು ಸರಿಮಾಡಿ ಬುಟ್ಟಿ ತುಂಬಿ ಚಾಚುತ್ತೇನೆ. ನೀನು ಒಳಗೆ ನಿಂತು ತೆಗೆದುಕೋ ಅತ್ತಿಗೆ.